ಏಳನೆಯ ಹಾಡಿನ ಜಾಗ

ಬಣಕಲ್ಲಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನಗೆ ಕೆಲಸ ಕಲಿಸುತ್ತಿದ್ದವರು ಸ್ಕ್ರೂಡ್ರೈವರನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡೇ ಹಾಡು ಕೇಳುತ್ತಿದ್ದರು. ಹಿಂದೊಮ್ಮೆ ಯಾವುದೋ ಇಂಟರ್ನೆಟ್ ರೇಡಿಯೋದಲ್ಲಿ ಬರೀ ಹುಳಹುಪ್ಪಟೆಯ ಹಾಡುಗಳದ್ದೇ ಒಂದು ಕಾರ್ಯಕ್ರಮ ಬಂದಿತ್ತಂತೆ. ಆ ರೇಡಿಯೋ ಈಗಿಲ್ಲ. ಇವರು ದುಂಬಿ, ಚಿಟ್ಟೆ, ಮಿಂಚುಹುಳದ ಹಾಡುಗಳನ್ನು ನೆನಪಿನಿಂದ ಹುಡುಕಿ ಅದೇ ಕ್ರಮದಲ್ಲಿ ಜೋಡಿಸುತ್ತಿದ್ದರು. ಏಳನೆಯದು, ಜೀರುಂಡೆಯದು, ಮಾತ್ರ ಸಿಗಲಿಲ್ಲ. ನಾನು ಏನು ಹುಡುಕಿ ಕೊಟ್ಟರೂ ಕಣ್ಣು ಮುಚ್ಚಿ ಕೇಳಿ, "ಇಲ್ಲ ಮಾರಾಯ, ಇದಲ್ಲ" ಎನ್ನುತ್ತಿದ್ದರು. ಕೊನೆಗೆ ಅಲ್ಲಿ ನಾಲ್ಕು ನಿಮಿಷ ಖಾಲಿ ಬಿಟ್ಟರು. "ಅದರ ಜಾಗ ಅದಕ್ಕೇ ಇರ್ಲಿ."

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಹಾಡುಗಳ ಇಡೀ ಪಟ್ಟಿ ಹಾಕಿ ಕಣ್ಣು ಮುಚ್ಚಿ ಕೂತರು. ಆಗಷ್ಟೇ ಮಳೆ ನಿಂತಿತ್ತು, ಹೊರಗೆ ಒಂದು ಹುಳದ ಸದ್ದೂ ಇರಲಿಲ್ಲ. ಆರನೆಯ ಹಾಡು ಮುಗಿದದ್ದೇ ತಡ, ರಸ್ತೆಯಾಚೆಯ ಸಿಲ್ವರ್ ಮರಗಳಿಂದ ಜೀರುಂಡೆಗಳು ಒಟ್ಟಿಗೇ ಕೂಗತೊಡಗಿದವು. ಎಂಟನೆಯದು ಶುರುವಾಗುತ್ತಲೇ ತಟ್ಟನೆ ನಿಂತವು. ಅವರು ನಿಧಾನವಾಗಿ ಕಣ್ಣು ತೆರೆದು, "ಇದೇ ಮಾರಾಯ" ಎಂದರು.

ಆ ಪಟ್ಟಿಯನ್ನು ನನ್ನ ಫೋನಿಗೂ ಹಾಕಿಕೊಟ್ಟರು. ಚಿಕ್ಕಮಗಳೂರಿನಲ್ಲಿ ಈಗ ನಾನಿರುವ ರೂಮಿನ ಹತ್ತಿರ ಒಂದು ಮರವೂ ಇಲ್ಲ. ಆದರೂ ಆರನೆಯದು ಮುಗಿಯುವ ಮೊದಲೇ ಎಂಟಕ್ಕೆ ಹಾರಿಸಿಬಿಡುತ್ತೇನೆ. ಒಂದೇ ಒಂದು ಸಲ ಮರೆತಿದ್ದೆ; ಆ ನಾಲ್ಕು ನಿಮಿಷವೂ ರೂಮಿನೊಳಗೇ ಜೀರುಂಡೆಗಳು ಕೂಗಿದವು.