ಕಳವಾ ಸೇತುವೆಯ ಏರಿನಲ್ಲಿ ಗಾಡಿ ನಿಂತದ್ದು

ದೋಷವಿದ್ದದ್ದು ಗಾಡಿಯಲ್ಲಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪು ನಿನ್ನದೇ ಎಂದು ನನ್ನ ಹೆಂಡತಿಗೆ ಹೇಳಿದೆ. ಅವಳು ನಂಬಿದಳು — ನಂಬಿ, ಮತ್ತೆಂದೂ ಸ್ಟೀರಿಂಗ್ ಮುಟ್ಟಲಿಲ್ಲ.

ಆಗ ನಾವು ಸಾನಪಾಡಾಕ್ಕೆ ಬಂದ ಹೊಸತು. ನಾನು ಮೈಸೂರಿನವನು, ರಬಾಳೆಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಇಂಜಿನಿಯರ್. ಸುಜಾತಾ ಉಡುಪಿ ಕಡೆಯವಳು. ಅವಳ ಅಣ್ಣ ಹತ್ತಿರದ ಠಾಣೆ ನಗರದಲ್ಲಿ ಹೋಟೆಲ್ ನಡೆಸುತ್ತಿದ್ದ, ನಮ್ಮತ್ತೆ ಅವನ ಮನೆಯಲ್ಲಿದ್ದರು. ಸಹೋದ್ಯೋಗಿಯೊಬ್ಬರ ಹಳೆಯ ಬಿಳಿ ಕಾರನ್ನು ನಾವು ಕೊಂಡಿದ್ದೆವು. ಭಾನುವಾರ ಬಂತೆಂದರೆ ಅದರಲ್ಲಿ ಠಾಣೆಗೆ ಸವಾರಿ. ಕಿಟಕಿ ಇಳಿಸಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸುಜಾತಾ ಕಿತ್ತಳೆ ಸುಲಿದು ಒಂದೊಂದೇ ತೊಳೆ ನನ್ನ ಬಾಯಿಗಿಡುತ್ತಿದ್ದಳು. ಐರೋಳಿ ದಾಟುವಷ್ಟರಲ್ಲಿ ಕಾರಿನ ತುಂಬ ಅದೇ ಪರಿಮಳ. ಆ ಭಾನುವಾರಗಳು... ಈಗಲೂ ಮಾರ್ಕೆಟ್ಟಿನಲ್ಲಿ ಕಿತ್ತಳೆ ರಾಶಿಯ ಮುಂದೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ.

ಆಮೇಲೆ ಅವಳೂ ಕಲಿತಳು. ಕಲಿಸಿದವನು ನಾನೇ. ಬಹಳ ಬೇಗ ಕೈ ಕುದುರಿತು. ನಾನು ಕಂಪನಿ ಬಸ್ಸಿನಲ್ಲಿ ಹೋಗುತ್ತಿದ್ದುದರಿಂದ ವಾರದ ನಡುವೆ ಕಾರು ಅವಳದೇ. ಮಗಳನ್ನು ಹಿಂದೆ ಕೂರಿಸಿಕೊಂಡು ತಾನೇ ತಾಯಿಯನ್ನು ನೋಡಿ ಬರತೊಡಗಿದಳು; ಭಾನುವಾರದ ಸವಾರಿ ತಾನಾಗಿ ನಿಂತಿತು. ಅತ್ತೆ ಗ್ಯಾಲರಿಯಲ್ಲಿ ಕಾದು ನಿಂತು, "ನಮ್ಮ ಸುಜಾತ ಅವಳೇ ಕಾರು ಬಿಟ್ಕೊಂಡು ಬರುದು" ಎಂದು ಬಿಲ್ಡಿಂಗಿನವರಿಗೆಲ್ಲ ತೋರಿಸುತ್ತಿದ್ದರಂತೆ.

ಒಂದು ದಿನ ಅವಳು ಠಾಣೆಗೆ ಹೋಗುವಾಗ ದಾರಿಯ ಕಳವಾ ಸೇತುವೆಯ ಏರಿನಲ್ಲಿ ಗಾಡಿ ಎಳೆಯಲಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಮುಗ್ಗರಿಸಿ, ಕೊನೆಗೆ ನಿಂತೇಬಿಟ್ಟಿತು. ಹಿಂದೆ ಸಾಲುಗಟ್ಟಿ ಹಾರ್ನುಗಳು. ಲಾರಿಯವನೊಬ್ಬ ಇಳಿದು ಬಂದು, ಮಗುವಿನೆದುರೇ ಅವಳನ್ನು ಬಾಯಿಗೆ ಬಂದಂತೆ ಬೈದ. ಯಾರೋ ಪಕ್ಕಕ್ಕೆ ತಳ್ಳಿಕೊಟ್ಟರು. ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ನಡೆಯಿತು. ಹೇಗೋ ಮನೆಗೆ ತಂದಳು.

"ಎಂತ ಆದದ್ದು ಅಂತ ಗೊತ್ತಾಗಲಿಲ್ಲ," ಎಂದಳು. "ನನ್ನದೇ ತಪ್ಪೋ ಏನೋ. ನೀವೊಮ್ಮೆ ನೋಡಿ."

ನೋಡಿದೆ. ಕಾರ್ಖಾನೆಯಿಂದ ಪ್ರೆಶರ್ ಗೇಜ್ ತಂದು, ರಜೆಯ ದಿನ ಸೊಸೈಟಿಯ ಪಾರ್ಕಿಂಗಿನಲ್ಲಿ ಬಾನೆಟ್ ಎತ್ತಿದೆ. ಪ್ಲಗ್ಗುಗಳು ಸರಿಯಿದ್ದವು. ಪೆಟ್ರೋಲಿನ ಪೈಪಿಗೆ ಗೇಜ್ ಜೋಡಿಸಿದೆ. ಇಂಜಿನ್ ಸುಮ್ಮನೆ ಗುರುಗುಡುವಾಗ ಒತ್ತಡದ ಮುಳ್ಳು ಹೆಚ್ಚುಕಡಿಮೆ ಇರಬೇಕಾದಲ್ಲೇ ಇತ್ತು; ಆಕ್ಸಿಲರೇಟರ್ ಕೊಟ್ಟು ಹಿಡಿದರೆ ಇಳಿಯುತ್ತ, ಇಳಿಯುತ್ತ ಹೋಯಿತು. ಪೆಟ್ರೋಲಿನ ಫಿಲ್ಟರ್ ಬಿಚ್ಚಿ ಬಗ್ಗಿಸಿದರೆ ಕಪ್ಪು ರಾಡಿ. ಅಷ್ಟೇ ವಿಷಯ. ಸಪಾಟು ರಸ್ತೆಗೆ ಸಾಲುವಷ್ಟು ಪೆಟ್ರೋಲು ಬರುತ್ತಿತ್ತು, ಏರಿಗೆ ಸಾಲುತ್ತಿರಲಿಲ್ಲ. ಯಾರು ಓಡಿಸಿದ್ದರೂ ಅದು ಅಲ್ಲಿ ನಿಲ್ಲುತ್ತಿತ್ತು — ನಾನು ಓಡಿಸಿದ್ದರೂ. ಹೊಸ ಫಿಲ್ಟರ್ ಹಾಕಿದೆ. ಈಗ ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಮುಳ್ಳು ಇಳಿಯಲಿಲ್ಲ.

ಮೇಲೆ ಹೋದೆ. ಕೈಯ ವಾಸನೆ ನೋಡಿ ಅವಳು ಸೋಪು ತಂದುಕೊಟ್ಟಳು. ಏನಾಗಿತ್ತು ಎಂದು ಕೇಳಿದಳು.

"ಏನೂ ಆಗಿರಲಿಲ್ಲ. ಗಾಡಿ ಸರಿಯಾಗೇ ಇದೆ. ಏರಿನಲ್ಲಿ ಹೇಗೆ ಓಡಿಸಬೇಕು ಅಂತ ನಿನಗಿನ್ನೂ ಬಂದಿಲ್ಲ, ಅಷ್ಟೆ."

ಯಾಕೆ ಹಾಗಂದೆ? ಹಳೆಯ ಭಾನುವಾರಗಳು ಬೇಕಾಗಿದ್ದವು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಚಂದದ ಮಾತು, ಪೂರ್ತಿ ನಿಜವಲ್ಲ. ಅವಳ ತವರಿನಲ್ಲಿ ಎಲ್ಲರೂ ಮಾತಿನ ಮಲ್ಲರು. ತುಳುವಿನಲ್ಲಿ ಹರಟೆ ಏರಿದರೆ ನಾನು ಪೇಪರ್ ಹಿಡಿದು ಕೂರುತ್ತಿದ್ದೆ. ಅಲ್ಲಿ ನನಗಿದ್ದ ಒಂದೇ ಸ್ಥಾನ, ಅವಳನ್ನು ಕರೆತರುವವನು ಎಂಬುದು. ಅವಳೇ ಬರತೊಡಗಿದ ಮೇಲೆ, ನಾನು ಇಲ್ಲದ ದಿನಗಳ ಕಥೆ ಹೊತ್ತು ನಗುತ್ತ ಮನೆಗೆ ಬರತೊಡಗಿದ ಮೇಲೆ... ನಾನು ಸಣ್ಣವನಾದೆ. ಅವಳನ್ನೂ ಸಣ್ಣವಳಾಗಿಸಿದೆ.

ನನಗೆ ಬೇಕಾದದ್ದು ಸಿಕ್ಕಿತು. ಮತ್ತೆ ಭಾನುವಾರ, ಮತ್ತೆ ಪಕ್ಕದಲ್ಲಿ ಅವಳು. ಆದರೆ ಕಳವಾ ಬಂದೊಡನೆ ಮಾತು ನಿಲ್ಲಿಸಿ, ಬಾಗಿಲ ಹಿಡಿ ಬಿಗಿಯಾಗಿ ಹಿಡಿಯುತ್ತಿದ್ದಳು. ಠಾಣೆಯಲ್ಲಿ ಅತ್ತೆ ಒಮ್ಮೆ ನನ್ನೆದುರೇ ಕೇಳಿದರು, "ನೀನು ಕಾರು ಬಿಡುದು ಯಾಕೆ ನಿಲ್ಲಿಸಿದ್ದು ಮಗಾ?"

"ನಂಗೆ ಅದು ಆಗುದಿಲ್ಲಮ್ಮ," ಎಂದಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಕೆಲವು ವರ್ಷಗಳಲ್ಲಿ ಅತ್ತೆ ತೀರಿಕೊಂಡರು, ಮಗಳಿಗೆ ಅದು ಆಗುವುದಿಲ್ಲವೆಂದೇ ತಿಳಿದು.

ಮೊನ್ನೆ ನಮ್ಮ ಮಗಳು ಡ್ರೈವಿಂಗ್ ಕ್ಲಾಸಿಗೆ ಸೇರುತ್ತೇನೆಂದಳು. ಸುಜಾತಾ ಬೇಡವೆಂದಳು. "ನನ್ನ ಹಾಗೇ ಆಗ್ತದೆ ನಿಂಗೆ. ನಡು ರಸ್ತೆಯಲ್ಲಿ ಮರ್ಯಾದೆ ಹೋಗ್ತದೆ. ನಮಗೆ ಅದು ಬರುದಿಲ್ಲ."

"ಕ್ಯಾ ಅಮ್ಮಾ, ಸಬ್ ಲಡ್ಕಿಯಾಂ ಚಲಾತೀ ಹೈಂ," ಎಂದು, ಹುಡುಗಿಯರೆಲ್ಲ ಓಡಿಸುವಾಗ ಇದೇನೆಂದು ಮಗಳು ನಕ್ಕಳು. ತಾಯಿ ನಗಲಿಲ್ಲ. ಆ 'ನಮಗೆ' ಎಂಬ ಮಾತು — ನನ್ನ ಸುಳ್ಳು ಈಗ ಮಗಳನ್ನೂ ಸೇರಿಸಿಕೊಂಡಿತ್ತು. ಅಲ್ಲೇ, ಇಬ್ಬರೆದುರೂ ಹೇಳಿಬಿಟ್ಟೆ. ಗೇಜ್, ಫಿಲ್ಟರ್, ಕಪ್ಪು ರಾಡಿ, ಎಲ್ಲ.

ಸುಜಾತಾ ಬೈಯಲಿಲ್ಲ, ಅಳಲಿಲ್ಲ. ಕೇಳಿದಳು, "ಅಮ್ಮ ಇರುವಾಗ ಹೇಳಬಹುದಿತ್ತಲ್ಲ?"

ಹೌದು. ಹೇಳಬಹುದಿತ್ತು.

ಅವಳು ಕೇಳಿದ್ದು ಇನ್ನೊಂದೇ: "ಅಣ್ಣನ ಮನೆಯಲ್ಲಿ ನೀವೇ ಹೇಳಿ. ಎಲ್ಲರೂ ಇರುವಾಗ." ಹೆಂಡತಿಯನ್ನು ಒಂದು ವಾರವೂ ತಪ್ಪಿಸದೆ ಕರೆತರುವ ಒಳ್ಳೆಯ ಭಾವ ಎಂದು ನನ್ನನ್ನು ಹೊಗಳುವ ಮನೆ ಅದು.

ನಾಳೆ ಹೋಗುತ್ತೇನೆ. ಅವಳು ಮಗಳೊಂದಿಗೆ ಮೊದಲೇ ರೈಲಿನಲ್ಲಿ ಹೊರಡುತ್ತಾಳಂತೆ. ಕಾರಿನಲ್ಲಿ ನಾನು ಒಬ್ಬನೇ ಬರಬೇಕಂತೆ.