ಮಾನ್ಯರೇ ಎಂದರೆ ಎದ್ದು ನಿಂತರು

ಹೈದರಾಬಾದಿನ ಗಚ್ಚಿಬೌಲಿಯ ನಮ್ಮ ಹಾಸ್ಟೆಲಿನ ಮೂರನೇ ಮಹಡಿ ವಿದೇಶಿ ವಿದ್ಯಾರ್ಥಿಗಳಿಗೆ ಮೀಸಲು. ವಿಜಯಪುರದವನಾದ ನನ್ನನ್ನು ಅಲ್ಲಿಗೆ ಯಾಕೆ ಹಾಕಿದರೋ ವಾರ್ಡನ್ ಸಾಹೇಬರೇ ಬಲ್ಲರು. ತೆಲುಗು ಬಾರದವರೆಲ್ಲ ವಿದೇಶಿಯರೆಂದು ಅವರು ತೀರ್ಮಾನಿಸಿರಬೇಕು.

ಪಕ್ಕದ ಕೋಣೆಯವನು ಇಥಿಯೋಪಿಯಾದವನು. ಎದುರಿಗೆ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಕೂಲಿಯವರ ಮೇಲೆ ಅವನ ಸಂಶೋಧನೆ. ಅವರೆಲ್ಲ ಯಾದಗಿರಿ ಕಡೆಯವರು. ತಿಂಗಳೊಳಗೆ ಅವರ ಮಾತು ರೆಕಾರ್ಡ್ ಮಾಡಿ ತರದಿದ್ದರೆ ವಿಷಯವನ್ನೇ ಬದಲಿಸಬೇಕೆಂದು ಅವನ ಗೈಡ್ ಹೇಳಿಬಿಟ್ಟಿದ್ದರು. ಹಾಗಾಗಿ ನಮ್ಮಿಬ್ಬರ ನಡುವೆ ಒಪ್ಪಂದವಾಯಿತು: ಬೆಳಿಗ್ಗೆ ಒಂದು ಗಂಟೆ ಅವನು ನನಗೆ ತನ್ನ ಭಾಷೆ ಅಮ್ಹಾರಿಕ್ ಕಲಿಸಬೇಕು, ಸಂಜೆ ಒಂದು ಗಂಟೆ ನಾನು ಅವನಿಗೆ ಕನ್ನಡ. ಶಿಷ್ಯನಾದವನು ಗುರುವಿನೆದುರು ಮೊಬೈಲ್ ಮುಟ್ಟಕೂಡದು.

ಮನೆಯಲ್ಲಿ ನಾನಾಡುವುದು ‘ಏನ್ ಮಾಡಾಕತ್ತೀಯೋ’ ಎಂಬ ಕನ್ನಡ. ಆದರೆ ಸಮುದ್ರದಾಚೆಯವನಿಗೆ ಕಲಿಸುವಾಗ ಭಾಷೆಯ ಮಾನ ಪೂರ್ತಿ ನನ್ನ ಹೆಗಲ ಮೇಲಿದೆಯಲ್ಲ! ಇಸ್ತ್ರಿ ಮಾಡಿದ ಕನ್ನಡವನ್ನೇ ಕಲಿಸಿದೆ. ನಾಲ್ಕು ವಾರ ಮುಗಿಯುವಷ್ಟರಲ್ಲಿ ಅವನು ಯಾವ ಸಭೆಯನ್ನು ಬೇಕಾದರೂ ಉದ್ಘಾಟಿಸಬಹುದಿತ್ತು.

ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಎದುರಿನ ಕಟ್ಟಡಕ್ಕೆ ಹೋದೆವು. ಕೂಲಿಯವರು ಇಟ್ಟಿಗೆ ರಾಶಿಯ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ನನ್ನ ಶಿಷ್ಯ ಅಂಗಿಯ ಗುಂಡಿ ಸರಿಪಡಿಸಿಕೊಂಡು ಶುರು ಮಾಡಿದ.

“ಮಾನ್ಯರೇ, ತಮ್ಮ ಅಮೂಲ್ಯ ಸಮಯದಲ್ಲಿ ಕೆಲವು ನಿಮಿಷಗಳನ್ನು ದಯಪಾಲಿಸಬೇಕಾಗಿ ವಿನಂತಿ.”

ಎಲ್ಲರೂ ಎದ್ದು ನಿಂತರು. ಒಬ್ಬ ಬೀಡಿ ಬಚ್ಚಿಟ್ಟ. ಎಲ್ಲರೂ ‘ಆಯಿ’ ಎನ್ನುತ್ತಿದ್ದ ಮುದುಕಿ ನನ್ನ ಕಡೆ ಬಾಗಿ ಕೇಳಿದಳು: “ಯಾವ ಪಾರ್ಟಿಯವ್ರಪಾ ಇವ್ರು?”

“ಪಾರ್ಟಿ ಅಲ್ಲಬೇ ಆಯಿ, ಕಾಲೇಜ್ ಹುಡುಗ.”

“ಮತ್ತ ಭಾಷಣ ಯಾಕ ಮಾಡಾಕತ್ತಾರ?”

ಬೀಡಿಯವನು ಕೈಮುಗಿದ. “ನಮ್ಮ ಓಟು ಊರಾಗ ಐತ್ರಿ ಸಾಹೇಬ್ರ, ಇಲ್ಲಿಲ್ರಿ.”

ಮರುದಿನವೂ ಅದೇ ಕತೆ. ಏನು ಕೇಳಿದರೂ “ಎಲ್ಲಾ ಚೊಲೋ ಐತ್ರಿ”. ರೆಕಾರ್ಡರಿನಲ್ಲಿ ಹದಿನೇಳು ಚೊಲೋಗಳು ಜಮೆಯಾಗಿದ್ದವು. ಇದ್ದದ್ದು ಇನ್ನೆರಡೇ ದಿನ. ರಾತ್ರಿ ಮೆಸ್ಸಿನಲ್ಲಿ ಅವನು ಬೇರೆ ವಿಷಯಗಳ ಪಟ್ಟಿ ಬರೆಯುತ್ತಿದ್ದ. ನಾನು ಗುರುವಿಗೆ ತಕ್ಕ ಗಾಂಭೀರ್ಯದಿಂದ ಸಾಂಬಾರ್ ನೋಡುತ್ತಿದ್ದೆ.

ಮೂರನೆಯ ದಿನ ಆಯಿ ಕನಿಕರಪಟ್ಟು ಅರ್ಧ ಜೋಳದ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಹಾಕಿ ಕೊಟ್ಟಳು. ಇವನು ಒಂದು ತುಂಡು ಮುರಿದು, ಹಿಂಡಿ ಹಚ್ಚಿ, ಮಡಚಿ, ನೇರವಾಗಿ ಆಯಿಯ ಬಾಯಿಗೇ ಇಟ್ಟುಬಿಟ್ಟ!

ಅವನ ನಾಡಿನಲ್ಲಿ ಹಿರಿಯರಿಗೆ ಮೊದಲ ತುತ್ತು ಬಾಯಿಗಿಡುವುದೇ ಮರ್ಯಾದೆ. ಮೆಸ್ಸಿನಲ್ಲಿ ನನ್ನ ಬಾಯಿಗೂ ಎಷ್ಟೋ ಸಲ ತುರುಕಿದ್ದ. ಇಲ್ಲಿ ಹಾಗೆ ಮಾಡಬೇಡವೆಂದು ಹೇಳುವುದು ನನ್ನ ಪಠ್ಯಕ್ರಮದಲ್ಲಿ ಬಿಟ್ಟುಹೋಗಿತ್ತು. ನಾನು ಓಡಿಹೋಗಲು ಗೇಟು ಎಷ್ಟು ದೂರವೆಂದು ಅಂದಾಜು ಮಾಡಿದೆ.

ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ಕೂಗಿದಳು: “ಏ, ಆಯಿಗಿ ಲಗ್ನ ಆತು ನೋಡ್ರೆ! ಅಕ್ಕಿಕಾಳು ತರ್ರೆ!”

ನಗು ಇಟ್ಟಿಗೆ ರಾಶಿಯಿಂದ ಮೂರನೇ ಅಂತಸ್ತಿನವರೆಗೆ ಹತ್ತಿತು. ಆಯಿ ನಿಧಾನವಾಗಿ ಅಗಿದು ನುಂಗಿದಳು. “ಸುಮ್ನಿರ್ರೆ. ಹಿಂಡಿಗಿ ಉಪ್ಪು ಕಮ್ಮಿ ಆಗೈತಿ” ಎಂದವಳೇ ಅದಕ್ಕಿಂತ ದೊಡ್ಡ ತುತ್ತು ಮಾಡಿ ಅವನ ಬಾಯಿಗೆ ಒತ್ತಿದಳು. “ತಿನ್ನೋ ಮಗನ. ಯಾವೂರು ನಿಂದು? ನಿಮ್ಮವ್ವ ಆರಾಮ ಅದಾಳೇನು?”

ಎರಡು ದಿನ ಸಾಹೇಬನಾಗಿದ್ದವನು ಒಂದು ತುತ್ತಿಗೆ ಮಗನಾದ. ಅವನು ಬಾಯ್ತುಂಬ ರೊಟ್ಟಿ ಇಟ್ಟುಕೊಂಡು ಅವ್ವನ ಬಗ್ಗೆ ಹೇಳಿದ, ಆಯಿ ತನ್ನ ಮಗಳ ಬಗ್ಗೆ ಹೇಳಿದಳು, ಬೀಡಿಯವನು ಮೇಸ್ತ್ರಿಯ ಬಗ್ಗೆ ಇಲ್ಲಿ ಬರೆಯಲಾಗದ್ದನ್ನು ಹೇಳಿದ. ರೆಕಾರ್ಡರ್ ಹಿಡಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಮರುದಿನ ಅದನ್ನು ಕೇಳಿದ ಗೈಡ್, ವಿಷಯ ಬದಲಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ಅರ್ಧ ಭಾಗ ಬರೀ ನಗುವೇ ಇದೆಯಲ್ಲ ಎಂದು ಮಾತ್ರ ಆಕ್ಷೇಪಿಸಿದರಂತೆ.

ವಾರ ಕಳೆದ ಮೇಲೆ ಒಂದು ಸಂಜೆ ನಾನು ಪುಸ್ತಕ ಹಿಡಿದು ಅವನ ಬಾಗಿಲಲ್ಲಿ ನಿಂತೆ. “ಇಂದಿನ ಪಾಠವನ್ನು ಆರಂಭಿಸೋಣವೇ?”

ಅವನು ಚಪ್ಪಲಿ ಮೆಟ್ಟುತ್ತಿದ್ದ. ಆಯಿಯ ಕಡೆಗೇ ಹೊರಟಿದ್ದ.

“ಬ್ಯಾಡಪಾ,” ಎಂದ. “ನೀ ಭಾಳ ಭಾಷಣ ಮಾಡ್ತಿ.”