ಉಂಡು ಬಂದ ಮುಸಾಫಿರ

ಹಾಜಿರಾಬಿ ಬ್ಯಾಡಗಿಯ ಹೆಣ್ಣುಮಗಳು. ರಾಣೇಬೆನ್ನೂರಿಗೆ ಸೊಸೆಯಾಗಿ ಬಂದವಳು. ಬೀಜದ ಕಾರ್ಖಾನೆಯ ಆಳುಗಳಿಗೆ ರೊಟ್ಟಿ ಬಡಿದುಕೊಡುತ್ತ, ಒಲೆಯ ಮುಂದೆ ಕೂತೇ ಓಣಿಯವರ ಸುಖದುಃಖ ಕೇಳುತ್ತಿದ್ದಳು. ಮಗಳು ಜಾಹೀದಾಳ ಹೆರಿಗೆ ಸುಸೂತ್ರವಾದರೆ ದೂರದ ಮುಸಾಫಿರನೊಬ್ಬನಿಗೆ ಮನೆಯಲ್ಲಿ ಕೈಯಾರೆ ಉಣಿಸುವೆನೆಂದು ಹರಕೆ ಹೊತ್ತಿದ್ದಳು. ಹೆರಿಗೆಯಾಯಿತು. ಆಗಲೇ, ೧೯೮೮ರ ಬೇಸಿಗೆಯಲ್ಲಿ, ಕಾರ್ಖಾನೆಯ ಯಂತ್ರ ಕೂಡಿಸಲು ಜರ್ಮನಿಯಿಂದ ಕ್ಲೌಸ್ ಸಾಹೇಬ ಬಂದ. ಇವನಿಗಿಂತ ದೂರದವನು ಇನ್ನಾರು? ಅವನು ಊರಿಗೆ ಹೊರಡುವ ಹಿಂದಿನ ದಿನ ಊಟಕ್ಕೆ ಕರೆದಳು.

ಪುಣೆಯಲ್ಲಿ ಜರ್ಮನ್ ಕಲಿತಿದ್ದ ಗುಮಾಸ್ತ ರಘೋತ್ತಮ ಅವಳಿಗೊಂದು ಮಾತು ಕಲಿಸಿದ್ದ.

"'ಗೆಗೆಸ್ಸೆನ್' ಅಂದ್ರ ಉಂಡಾಗೇದ ಅಂತ. 'ಇಶ್ ಹಾಬೆ ಗೆಗೆಸ್ಸೆನ್' ಅಂದ್ರ, ನಾ ಉಂಡೇನಿ. ಬರೇ ಗೆಗೆಸ್ಸೆನ್ ಅಂದ್ರೂ ನಡೀತದ. ಕೇಳಲಿಕ್ಕೂ ಅದ ಮಾತು, ಹೇಳಲಿಕ್ಕೂ ಅದ ಮಾತು."

"ನಮ್ಮಂಗ ಐತಲ್ಲರಿ! ಉಂಡ್ರಿ? ಉಂಡೆ!" ಎಂದು ಅವಳು ನಕ್ಕಿದ್ದಳು.

ಮಧ್ಯಾಹ್ನ ಕ್ಲೌಸ್ ಬೆವರೊರೆಸುತ್ತ ಬಾಗಿಲಿಗೆ ಬಂದ. ಹಾಜಿರಾಬಿ ಕಲಿತ ಮಾತಲ್ಲೇ ಕೇಳಿದಳು:

"ಗೆಗೆಸ್ಸೆನ್?"

ಅವನು ಹೊಟ್ಟೆ ಹಿಡಿದುಕೊಂಡ. "ಗೆಗೆಸ್ಸೆನ್."

ಹಾಜಿರಾಬಿ ಒಲೆಯ ಮೇಲಿನ ಎಣ್ಣೆಗಾಯಿಯತ್ತ ತಿರುಗಿ ನೋಡಿದಳು.

"ಏನ್ ಮಾಡೂದು," ಎಂದ ಹಿಂದೆ ಬಂದ ರಘೋತ್ತಮ. "ಕಾರ್ಖಾನಿ ಮೇಸ್ತ್ರಿ ಪರಮೇಶಪ್ಪ ನಾಷ್ಟಾ ಅಂತ ಕರದು ಊಟಾನ ಹಾಕಿದ. ಅವನ ಹೇಣ್ತಿ ಜಯವ್ವನ ಮುಂದ ಸಾಹೇಬರು ಗೆಗೆಸ್ಸೆನ್ ಅಂದ್ರು. ಉಂಡಾರವಾ ಅಂತ ನಾನೂ ಹೇಳಿದೆ. ಆಕಿ ನಂಬತಾಳ? ನಮ್ಮ ಮಂದಿಗೆ ಊಟ ಆತು ಅಂದ್ರ, ಇನ್ನೊಂದು ಹಾಕು ಅಂದಂಗ. ಹೋಳಿಗಿ ಹಾಕೇ ಬಿಟ್ಟಳು!"

"ಅಮ್ಮೀ, ನೀನೂ ನಂಬಬ್ಯಾಡ, ಹಾಕು!" ಎಂದಳು ಒಳಗಿನಿಂದ ಜಾಹೀದಾ.

"ಬ್ಯಾಡ ಬೇಟಿ. ಜುಲುಮಿ ಮಾಡಿ ಉಣಿಸಿದ್ರ ಹರಕಿ ಮುಟ್ಟಂಗಿಲ್ಲ."

ಬೇವಿನ ನೆರಳಿಗೆ ಹೊರಸು ಹಾಕಿಕೊಟ್ಟಳು. ಕ್ಲೌಸ್ ಉರುಳಿದವನೇ ಗೊರಕೆ ಹೊಡೆದ. ಅವಳು ನಮಾಜು ಮುಗಿಸಿ, ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚಿ, ಎಣ್ಣೆಗಾಯಿಯನ್ನು ಕೆಂಡದ ಮೇಲಿಟ್ಟು ಕಾದಳು.

ಬಿಸಿಲು ಇಳಿಯುವಾಗ ಅವನಿಗೆ ಎಚ್ಚರವಾಯಿತು. ಮುಚ್ಚಿದ ಬುಟ್ಟಿ ನೋಡಿದ, ಅವಳ ಒಣಗಿದ ತುಟಿ ನೋಡಿದ. ಅವಳತ್ತ ಬೆರಳು ಮಾಡಿ ಕೇಳಿದ, "ಗೆಗೆಸ್ಸೆನ್?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕರೆದ ಅತಿಥಿ ಉಣ್ಣುವ ತನಕ ಮನೆಯಾಕೆ ಉಣ್ಣುವುದಿಲ್ಲವೆಂದು ರಘೋತ್ತಮ ತಿಳಿಸಿದ. ಕ್ಲೌಸನ ಮುಖ ಕೆಂಪಾಯಿತು. ಲಗುಬಗೆಯಿಂದ ಕೈ ತೊಳೆದು ಚಾಪೆಯ ಮೇಲೆ ಕೂತ.

"ಹಸಿವಿ ಆಗೇತೋ, ನನ್ನ ಸಲುವಾಗಿ ಕುಂತಾರೋ? ಖರೇ ಕೇಳ್ರಿ," ಎಂದಳು ಹಾಜಿರಾಬಿ.

ರಘೋತ್ತಮ ಕೇಳಿದ. ಕ್ಲೌಸ್ ಮೂಗು ತೋರಿಸಿ ಏನೇನೋ ಹೇಳಿದ.

"ಎಣ್ಣಿಗಾಯಿ ವಾಸನಿಗೇನ ಎಚ್ಚರಾತಂತ!"

ಎರಡನೆಯ ರೊಟ್ಟಿಗೆ, ಖಾರಕ್ಕೆ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿದ್ದರೂ, ಅವನೇ ತಾಟು ಮುಂದೆ ಮಾಡಿದ. ಹಾಜಿರಾಬಿ ನಗುತ್ತ ಬಡಿಸಿ, ಬಿಸ್ಮಿಲ್ಲಾ ಎಂದು ತನ್ನ ತುತ್ತು ಮುರಿದಳು.